ಎಡತೋಳಿನ ಗಂಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ಭೀಮರಾಜು ಅಂದಕೂಡಲೇ ಮೊದಲು ಆ ಸಿಟ್ಟಿನ ಮಾತೇ ಬರುತ್ತದೆ, ಫುಟ್‌ಬಾಲ್ ಕ್ಯಾಪ್ಟನ್ ಅನ್ನುವುದು ಆಮೇಲೆ. ಆ ಸೀಸನ್‌ನಲ್ಲಿ ಪಾವಗಡದಲ್ಲಿ ಏನಾಯಿತು ಅಂತ ನಮ್ಮ ಹುಡುಗರು ಇವತ್ತಿಗೂ ಅವರವರಿಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಅವರ ಮಾತು ನಂಬಬೇಡಿ. ತಪ್ಪು ಮಾಡಿದವನು ನಾನು, ಹಾಗಾಗಿ ಸರಿಯಾಗಿ ನೆನಪಿರುವುದೂ ನನಗೇ.

ನಾವು ಮೊದಲಿನಿಂದ ಫುಟ್‌ಬಾಲ್ ಆಡಿದವರಲ್ಲ, ಕಬಡ್ಡಿಯವರು. ನಮ್ಮ ಅಂಕಣ ಇದ್ದ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದರು. ನಾವು ಗಲಾಟೆ ಮಾಡಲು ಹೊರಟಾಗ ನಮ್ಮ ಪಿ.ಇ. ಮೇಷ್ಟ್ರು ಗೌರೀಶ್ ಸರ್ ಬಂದು, "ಅಂಕಣ ಹೋಯ್ತು ಅಂತ ಅಳ್ತಾ ಕೂತ್ರೆ ಆಗಲ್ಲ ಕಣ್ರಪ್ಪ. ನಿಮ್ಮನ್ನೆಲ್ಲಾ ಫುಟ್‌ಬಾಲ್‌ಗೆ ಬರೆಸಿದೀನಿ, ಆಡ್ರಿ" ಅಂದರು. ಅವರೇನು ಫುಟ್‌ಬಾಲ್ ಕಂಡವರಾ? ವಾಲಿಬಾಲ್ ಆಡಿದವರು. ಮೊಬೈಲಿನಲ್ಲಿ ರೂಲ್ಸ್ ನೋಡಿಕೊಂಡು ನಮಗೆ ಪಾಠ ಮಾಡುತ್ತಿದ್ದರು.

ಮೊದಲ ಪಂದ್ಯ ಸಿರಾದಲ್ಲಿ. ಅಲ್ಲಿಯ ಹುಡುಗರು ಚೆಂಡಿನ ಜೊತೆ ಹುಟ್ಟಿದವರ ಹಾಗೆ ಆಡುತ್ತಾರೆ. ಅವರಲ್ಲೊಬ್ಬ ನಮ್ಮ ಲೋಕೇಶನನ್ನು ದಾಟಿ ಮುನ್ನುಗ್ಗಿದ. ಲೋಕೇಶ ನಾಲ್ಕು ವರ್ಷ ಕಬಡ್ಡಿಯಲ್ಲಿ ಮೂಲೆಯಲ್ಲಿ ನಿಂತವನು. ಅವನ ತಲೆ ಯೋಚನೆ ಮಾಡುವುದಕ್ಕೆ ಮೊದಲೇ ಕೈ ಕೆಲಸ ಮಾಡಿಬಿಟ್ಟಿತು. ನೆಲಕ್ಕೆ ಬಿದ್ದು ಆ ಹುಡುಗನ ಹಿಮ್ಮಡಿ ತಬ್ಬಿ ಹಿಡಿದ. ಅಷ್ಟಾದರೆ ಸಾಕಿತ್ತು. ನಮ್ಮವರೇ ಇನ್ನೂ ಮೂವರು ಹಳೇ ಅಭ್ಯಾಸದಂತೆ ಓಡಿಹೋಗಿ ಅವನ ಮೇಲೆ ಬಿದ್ದರು. "ಅರೇ ಛೋಡೋ ಭಾಯ್, ಪಾಂವ್ ಛೋಡೋ!" ಅಂತ ಅವನು ಕಾಲು ಬಿಡಿಸಿಕೊಳ್ಳಲು ಅಡಿಯಿಂದ ಕೂಗುತ್ತಿದ್ದಾನೆ, ನಮ್ಮವರು ಔಟ್ ಮಾಡಿದೆವು ಅಂತ ಕೈ ಎತ್ತಿ ಕುಣಿಯುತ್ತಿದ್ದಾರೆ. ರೆಫರಿ ಪೆನಾಲ್ಟಿ ಕೊಟ್ಟರು. ಅವತ್ತು ಅಂಥವು ಮೂರು ಪೆನಾಲ್ಟಿ ಆದವು. ಆರು ಗೋಲಿನಿಂದ ಸೋತೆವು. ಬಸ್ಸಿನಲ್ಲಿ ನಾನು ಎಲ್ಲರಿಗೂ ಬೈದೆ, ಗೌರೀಶ್ ಸರ್‌ಗೂ ಬೈಯುತ್ತಿದ್ದೆ, ಅವರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡು ತಪ್ಪಿಸಿಕೊಂಡರು.

ಅವತ್ತು ಗೋಲ್ ಕೀಪರ್ ಆಗಿದ್ದವನು ಮರುದಿನದಿಂದ ನಮ್ಮ ಕಣ್ಣಿಗೇ ಬೀಳಲಿಲ್ಲ. ಆಗ ನನಗೆ ಬಸವೇಶ್ ನೆನಪಾದ. ನನ್ನ ಕ್ಲಾಸಿನವನು, ಚನ್ನರಾಯನದುರ್ಗದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಅವರಪ್ಪನದು ಕುಂಬಳಕಾಯಿ ವ್ಯಾಪಾರ. ಲಾರಿಯ ಮೇಲಿಂದ ಆಳು ಎಸೆಯುವ ಕಾಯನ್ನು ಕೆಳಗೆ ನಿಂತು ಹಿಡಿದು ಜೋಡಿಸುವುದು ಇವನ ಕೆಲಸ. ಒಂದು ಕೈ ಜಾರಿದರೂ ಕಾಯಿ ಒಡೆದು ಹೋಗುತ್ತದೆ, ಬೆನ್ನಿಗೆ ಅಪ್ಪನ ಏಟು ಬೀಳುತ್ತದೆ. ಅಂಥವನಿಗೆ ಫುಟ್‌ಬಾಲ್ ಯಾವ ಲೆಕ್ಕ?

ಆದರೆ ಅವನನ್ನು ಕಳಿಸಲು ಅವನ ಅಜ್ಜಿ ಬಸವಮ್ಮ ಒಪ್ಪಬೇಕಿತ್ತು. ಅವರ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಬಸವೇಶ್ ಕೊರಳಲ್ಲಿ ಇಷ್ಟಲಿಂಗ ಕಟ್ಟಿದವನು. ಬೆಳ್ಳಿಯ ಕರಡಿಗೆಯೊಳಗೆ ಬಟ್ಟೆಯಲ್ಲಿ ಸುತ್ತಿದ ಲಿಂಗ, ಅದಕ್ಕೊಂದು ದಾರ. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರೂ ಮುಟ್ಟುತ್ತಿರಲಿಲ್ಲ. ಕಬಡ್ಡಿಯಲ್ಲಿ ಎಳೆದಾಟದಲ್ಲಿ ದಾರ ಹರಿದೀತು ಅಂತ ಅಜ್ಜಿ ಹಿಂದೆಯೇ ಬೇಡ ಅಂದಿದ್ದರು. ನಾನೇ ಅವರೂರಿಗೆ ಹೋಗಿ, "ಅಜ್ಜಿ, ಇದ್ರಾಗೆ ಗೋಲ್ ಕೀಪರ್‌ನ ಯಾರೂ ಎಳೆಯಂಗಿಲ್ಲ, ಎಳೆದ್ರೆ ರೆಫರಿ ಸುಮ್ನೆ ಬುಡಲ್ಲ" ಅಂತ ಹೇಳಿದೆ. ಅಜ್ಜಿ, "ಆಡ್ಲಿ. ಆದ್ರೆ ಲಿಂಗ ಒಂದ್ ಗಳಿಗೇನೂ ಅವನ ಮೈ ಬುಟ್ಟು ಇರಬಾರ್ದು. ನಿನ್ನ ಜವಾಬ್ದಾರಿ ಕಣ್ಲಾ" ಅಂದರು. ನಾನು ಎದೆ ಮುಟ್ಟಿಕೊಂಡು ಆಯ್ತು ಅಂದೆ.

ಕೊರಟಗೆರೆಯಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಬಸವೇಶ್ ಏಳೋ ಎಂಟೋ ಹೊಡೆತ ಹಿಡಿದ. ನಾವು ಹೇಗೋ ಒಂದು ಗೋಲು ತೂರಿಸಿ ಗೆದ್ದೆವು. ಅಲ್ಲಿಯ ರೆಫರಿ ಇದೇ ಕಡೆಯವರು, ದಾರ ನೋಡಿ, "ಬನಿಯನ್ ಒಳಗೆ ಹಾಕ್ಕೊಳಪ್ಪ" ಅಂದು ಸುಮ್ಮನಾದರು. ಉಳಿದದ್ದು ಪಾವಗಡದ ಪಂದ್ಯ ಒಂದೇ. ಅದರಲ್ಲಿ ಸೋಲದಿದ್ದರೆ ಸಾಕು, ಸಮ ಆದರೂ ಸಾಕು, ತುಮಕೂರಿನ ಕೊನೇ ಸುತ್ತಿಗೆ ನಾವು. ನಮ್ಮ ಕಾಲೇಜು ಯಾವ ಆಟದಲ್ಲೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಮಾರ್ಚ್ ತಿಂಗಳು. ಮಿಡಿಗೇಶಿಯಲ್ಲಿ ಟೀ ಕುಡಿದು ಪಾವಗಡ ತಲುಪುವ ಹೊತ್ತಿಗೆ ಹತ್ತೂವರೆ. ಬಿಸಿಲು ಆಗಲೇ ಸುಡುತ್ತಿತ್ತು. ಕೋಟೆ ಬೆಟ್ಟದ ಬಂಡೆ ಕಾದು ಅಲ್ಲಿಂದಲೂ ಧಗೆ ಬರುತ್ತಿತ್ತು. ಮೈದಾನದಲ್ಲಿ ಹುಲ್ಲು ಅನ್ನುವ ವಸ್ತುವೇ ಇರಲಿಲ್ಲ, ಬರೀ ಗರಸು ಮಣ್ಣು. ಎರಡೂ ಗೋಲಿನ ಮುಂದೆ ಕೀಪರ್ ಬಿದ್ದರೆ ಪೆಟ್ಟಾಗದಿರಲಿ ಅಂತ ಮರಳು ಹಾಕಿದ್ದರು. ಬಸವೇಶನ ಚಿಕ್ಕಪ್ಪ ಪ್ರಭುದೇವ್ ಪಾವಗಡದಲ್ಲೇ ಅಂಗಡಿ ಇಟ್ಟವರು, ಅಣ್ಣನ ಮಗನ ಆಟ ನೋಡಲು ಒಂದು ಚೀಲ ಬಾಳೆಹಣ್ಣು ಹಿಡಿದು ಬಂದಿದ್ದರು.

ಪಂದ್ಯಕ್ಕೆ ಐದು ನಿಮಿಷ ಇರುವಾಗ ರೆಫರಿ ಎಲ್ಲರ ಮೈ ತಪಾಸಣೆ ಮಾಡುತ್ತಾ ಬಂದರು. ಬೇರೆ ಜಿಲ್ಲೆಯವರು, ಮರ್ಯಾದಸ್ಥರು, ಆದರೆ ರೂಲ್ಸ್ ಅಂದರೆ ರೂಲ್ಸ್. ಬಸವೇಶನ ಮುಂದೆ ನಿಂತು, "ಕೊರಳಲ್ಲಿರೋದು ತೆಗೀಬೇಕಪ್ಪ. ದಾರ, ಲೋಹ ಯಾವುದೂ ಇರಂಗಿಲ್ಲ. ನಿನಗೇ ಪೆಟ್ಟಾಗುತ್ತೆ" ಅಂದರು.

"ಇದು ತೆಗೆಯೋದಲ್ಲ ಸಾರ್" ಅಂದ ಬಸವೇಶ್.

"ಹಾಗಾದ್ರೆ ಆಡಕ್ಕಾಗಲ್ಲ."

ನಮ್ಮಲ್ಲಿ ಇನ್ನೊಬ್ಬ ಕೀಪರ್ ಇಲ್ಲ. ಗೌರೀಶ್ ಸರ್ ತಲೆ ಕೆರೆದುಕೊಂಡು, "ನನ್ನ ಕೈಗೆ ಕೊಡಪ್ಪ, ಜೋಪಾನ ಮಾಡ್ತೀನಿ" ಅಂದರು. ಲೋಕೇಶ ಮಧ್ಯೆ ಬಾಯಿ ಹಾಕಿ, "ಕಾಲುಚೀಲದಾಗೆ ಇಟ್ಕಂಡ್ರೆ ಹೆಂಗೆ?" ಅಂದ. ಲಿಂಗ ಹೊಕ್ಕಳಿನಿಂದ ಕೆಳಗೆ ಇಳಿಯಬಾರದು ಅನ್ನುವುದು ನನಗೇ ಗೊತ್ತು, ಇವನಿಗೆ ಗೊತ್ತಿಲ್ಲ! ನಾನು ಅವನ ತಲೆಯ ಮೇಲೆ ಒಂದು ಬಿಟ್ಟೆ. ಬಸವೇಶನ ಕಣ್ಣಲ್ಲಿ ನೀರು ಬಂದಿತ್ತು. "ನಾನು ಆಡಲ್ಲ, ಬುಡ್ರಿ" ಅಂದ.

"ಲೇ, ಅಜ್ಜಿ ಹೇಳಿದ್ದೇನು? ಕೊಳ್ಳಾಗೇ ಇರ್ಬೇಕು ಅಂದ್ರಾ, ಮೈಮೇಲೆ ಇರ್ಬೇಕು ಅಂದ್ರಾ?" ಅಂತ ಕೇಳಿದೆ.

"ಮೈಮೇಲೆ. ನಮ್ ತಾತ ಬಾವಿ ತೋಡಾಕೆ ಇಳಿಯೋವಾಗ ತೋಳಿಗೆ ಕಟ್ಕಂತಿದ್ರಂತೆ."

"ಮತ್ತಿನ್ನೇನ್ಲಾ! ತೆಗಿ."

ಬೆಳ್ಳಿ ಕರಡಿಗೆ ಗಟ್ಟಿ, ಅದನ್ನು ದಾರದ ಸಮೇತ ಗೌರೀಶ್ ಸರ್ ಹತ್ತಿರ ಬಿಡಬೇಕಿತ್ತು. ಬಸವೇಶ್ ಆ ಕಡೆ ತಿರುಗಿ ಲಿಂಗವನ್ನು ಅದರ ಬಟ್ಟೆ ಸಮೇತ ಹೊರಗೆ ತೆಗೆದು ಎಡತೋಳಿಗೆ ಒತ್ತಿ ಹಿಡಿದುಕೊಂಡ. ಒಂದು ಕೈಯಲ್ಲಿ ಕಟ್ಟಿಕೊಳ್ಳಲು ಆಗುವುದಿಲ್ಲವಲ್ಲ? "ನೀನೇ ಕಟ್ಟು" ಅಂದ. ಅದರ ಮೇಲೆ ಹತ್ತಿ ಇಟ್ಟು ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ಆ ಕಡೆ ರೆಫರಿ ವಾಚು ನೋಡುತ್ತಿದ್ದಾರೆ, ಈ ಕಡೆ ಲೋಕೇಶ ಗೊಣಗುತ್ತಿದ್ದಾನೆ, ನನಗೆ ಎಲ್ಲರ ಮೇಲೂ ಸಿಟ್ಟು. ಆ ಸಿಟ್ಟಿನಲ್ಲೇ ಗಂಟು ಹಾಕಿದೆ. ರೆಫರಿ ಬಂದು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಮೆತ್ತಗಿದೆ, ಸರಿ ಅಂದರು.

"ಬಿಗಿ ಆಯ್ತೇನ್ಲಾ?" ಅಂತ ಬಸವೇಶ್ ಕೇಳಿದ.

"ಆಯ್ತು, ಓಡು" ಅಂದೆ.

ಪಾವಗಡದವರ ಹತ್ತನೇ ನಂಬರಿನ ಹುಡುಗನ ಹೆಸರು ಚಿಕ್ಕನರಸಯ್ಯ. ತಾತನ ಹೆಸರಂತೆ. ಎಲ್ಲರೂ ಚಿಕ್ಕ ಅಂತ ಕೂಗುತ್ತಿದ್ದರು, ಮೈದಾನದಲ್ಲಿ ಅವನಷ್ಟು ಎತ್ತರದವನು ಇನ್ನೊಬ್ಬನಿರಲಿಲ್ಲ. ಮೊದಲರ್ಧದಲ್ಲಿ ಒಂದು ಕಾರ್ನರ್ ಬಂದಾಗ ಅವನೂ ಬಸವೇಶನೂ ಗಾಳಿಯಲ್ಲಿ ಡಿಕ್ಕಿ ಹೊಡೆದು ಮರಳಿಗೆ ಬಿದ್ದರು. ಚೆಂಡು ಬಸವೇಶನ ಕೈಯಲ್ಲೇ ಇತ್ತು. ವಿರಾಮದಲ್ಲಿ ನಾನು ಅವನ ತೋಳು ನೋಡಿದೆ, ಬ್ಯಾಂಡೇಜ್ ಇತ್ತು. ನೀರು ಕೊಟ್ಟರೆ, ಹೊಟ್ಟೆ ಹಿಡಿದುಕೊಳ್ಳುತ್ತದೆ ಅಂತ ಅವನು ಬಾಯಿ ಮುಕ್ಕಳಿಸಿ ಉಗುಳಿದ. ಆಟದ ಮಧ್ಯೆ ನೀರು ಕುಡಿಯುವ ಅಭ್ಯಾಸ ಅವನಿಗಿರಲಿಲ್ಲ.

ಎರಡನೇ ಅರ್ಧದಲ್ಲಿ ಅವರು ನಮ್ಮನ್ನು ಅರೆದು ಹಾಕಿದರು. ಆದರೆ ನಮ್ಮವರು ಒಬ್ಬರ ಕಾಲನ್ನೂ ಹಿಡಿಯಲಿಲ್ಲ, ಅದೇ ನನಗೆ ಹೆಮ್ಮೆ. ಕೊನೇ ನಿಮಿಷದಲ್ಲಿ ಚಿಕ್ಕ ಹೊಡೆದ ಹೊಡೆತ ಮೂಲೆಗೆ ಹೋಗುತ್ತಿತ್ತು, ಬಸವೇಶ್ ಹಾರಿ ಬೆರಳ ತುದಿಯಲ್ಲಿ ಆಚೆ ತಳ್ಳಿದ. ರೆಫರಿ ಸೀಟಿ ಊದಿದರು. ಸೊನ್ನೆ–ಸೊನ್ನೆ. ಅಯ್ಯಯ್ಯಪ್ಪಾ, ಆ ಕೂಗು! ನಾನೂ ಲೋಕೇಶನೂ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದೆವು. ಗೌರೀಶ್ ಸರ್ ಟವೆಲ್ ಬೀಸುತ್ತಾ ಕುಣಿಯುತ್ತಿದ್ದರು.

"ಇಳಿಸ್ರೋ" ಅಂದ ಬಸವೇಶ್ ಮೇಲಿಂದ. ನಮಗೆ ಕೇಳಿಸಲಿಲ್ಲ. "ಇಳಿಸ್ರೋ!" ಅಂತ ಕಿರುಚಿದ. ಇಳಿಸಿದೆವು. ಅವನ ಬಲಗೈ ಎಡತೋಳನ್ನು ಹಿಡಿದುಕೊಂಡಿತ್ತು. ಬ್ಯಾಂಡೇಜ್ ಇತ್ತು, ಹತ್ತಿ ಇತ್ತು. ಲಿಂಗ ಇರಲಿಲ್ಲ.

ನಾನು ಬ್ಯಾಂಡೇಜ್ ಪೂರ್ತಿ ಬಿಚ್ಚಿ ಕೊಡವಿದೆ. ಹತ್ತಿ ಉದುರಿತು, ಅಷ್ಟೇ.

ನೆಲದಲ್ಲಿ ಎಲ್ಲೋ ಇರುತ್ತದೆ ಅಂತ ನಾವೆಲ್ಲ ಬಗ್ಗಿ ಹುಡುಕತೊಡಗಿದೆವು. ಬಸವೇಶ್ ಮೊದಲು ತಾನೂ ಹುಡುಕಿದ, ಆಮೇಲೆ ತೊಡೆಯ ಸ್ನಾಯು ಹಿಡಿದುಕೊಂಡು ನಡೆಯಲಾಗದೆ ಹೊಂಗೆ ಮರದ ಕೆಳಗೆ ಕುಸಿದ. ಗೌರೀಶ್ ಸರ್ ನೀರಿನ ಬಾಟಲಿ ಹಿಡಿದರು. ಅವನು ಬೇಡವೆಂದು ತಲೆಯಾಡಿಸಿದ.

"ಲಿಂಗ ಸಿಗೋಗಂಟ ಬಾಯಿಗೆ ನೀರು ಹಾಕಂಗಿಲ್ಲ ಸಾರ್."

"ಒಂದು ಗುಟುಕು ಕಣಪ್ಪ. ತುಟಿ ಒಡೆದೋಗಿದೆ."

"ಹಾಕಂಗಿಲ್ಲ."

ಮಿಡಿಗೇಶಿಯ ಟೀ ಬಿಟ್ಟರೆ ಅವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹಿಂದಿನ ಕಾಲದಲ್ಲಿ ಲಿಂಗ ಕಳೆದುಕೊಂಡವರು ಪ್ರಾಣವನ್ನೇ ಬಿಡುತ್ತಿದ್ದರಂತೆ ಅಂತ ಅವನೇ ಒಮ್ಮೆ ಕಥೆಯ ಹಾಗೆ ಹೇಳಿದ್ದ. ಅವತ್ತು ನಾನು ನಕ್ಕಿದ್ದೆ. ಈಗ ಅವನ ಮುಖ ನೋಡಿದರೆ ನಗು ಎಲ್ಲಿಂದ ಬರಬೇಕು? ಮುಖದ ಮೇಲಿನ ಬೆವರು ಒಣಗಿ ಉಪ್ಪು ಬಿಳಿಯಾಗಿ ಕೂತಿತ್ತು. ಇವನಿಗೆ ಏನಾದರೂ ಆದರೆ ಮಾಡಿದವನು ನಾನೇ ಅನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಪ್ರಭುದೇವ್ ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿಬಿಟ್ಟಿದ್ದರು. ಫೋನ್ ಇಟ್ಟು ನಮ್ಮ ಕಡೆ ಬಂದು, "ಯಾರು ಕಟ್ಟಿದ್ದು?" ಅಂತ ಕೇಳಿದರು.

"ನಾನೇ ಸಾರ್."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಾನು ಯಾವ ಕೇರಿಯವನು ಅಂತ ಅವರಿಗೆ ಗೊತ್ತಿತ್ತು. "ಯಾರ್ ಯಾರ್ದೋ ಕೈಗೆ ಕೊಟ್ರೆ ಇನ್ನೇನಾಗ್ತದೆ" ಅಂದು ಮುಖ ತಿರುಗಿಸಿದರು.

ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಕೊಳಾಲದ ನಮ್ಮಪ್ಪ ಕದಿರಯ್ಯ ನನಗೆ ಕಲಿಸಿದ್ದೇ ಅದು, ಅಂಥ ಮಾತಿಗೆ ಅಲ್ಲೇ ಉತ್ತರ ಕೊಡಬೇಕು ಅಂತ. ಮಾತು ಕೆಟ್ಟದ್ದೇ. ಆದರೆ ಗಂಟು ನನ್ನದೇ ಅಲ್ಲವಾ? ನುಂಗಿಕೊಂಡು ಮತ್ತೆ ಮರಳಿನಲ್ಲಿ ಮಂಡಿಯೂರಿದೆ.

ಅಷ್ಟರಲ್ಲಿ ಪಾವಗಡದ ಹುಡುಗರೂ ಬಂದರು. ಸೋತಷ್ಟೇ ಬೇಜಾರಿನಲ್ಲಿದ್ದವರು. "ಏಮೈಂದಿ?" ಅಂತ ತೆಲುಗಿನಲ್ಲಿ ಏನಾಯಿತೆಂದು ಕೇಳಿದರು, ವಿಷಯ ತಿಳಿದಕೂಡಲೇ ನಮ್ಮ ಪಕ್ಕ ಕೂತರು. ಕಡಲೆಕಾಯಿ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆಯುವವರ ಹಾಗೆ ಇಪ್ಪತ್ತೊಂದು ಜನ ಸಾಲಾಗಿ ಕುಕ್ಕರುಗಾಲಿನಲ್ಲಿ ಮುಂದೆ ಸರಿಯುತ್ತಾ ಹುಡುಕಿದೆವು. ರೆಫರಿಯೂ ಬೂಟು ಬಿಚ್ಚಿಟ್ಟು ಬಂದರು, ತುಳಿದರೆ ಕಾಲಿಗಾದರೂ ತಿಳಿಯಲಿ ಅಂತ. ಒಂದು ಗಂಟೆ ಕಳೆಯಿತು. ಏನೂ ಸಿಗಲಿಲ್ಲ.

ಆಗ ಚಿಕ್ಕ ಎದ್ದು ನಿಂತು ಕೇಳಿದ, "ಅನ್ನಾ, ಈ ಗೋಲ್ ಹತ್ರಾನೇ ಯಾಕೆ ಹುಡುಕ್ತಾ ಇದೀರಿ? ಫಸ್ಟ್ ಹಾಫ್‌ನಾಗೆ ನಿಮ್ ಕೀಪರ್ ಆ ಕಡೆ ಗೋಲ್‌ನಾಗೆ ಇದ್ದ ಕದಾ, ಅಲ್ವಾ?"

"ವಿರಾಮದಾಗೆ ನೋಡಿದೀನಿ, ಇತ್ತು" ಅಂದೆ ಸಿಟ್ಟಿನಿಂದ.

"ಏನು ನೋಡಿದ್ರಿ ಅನ್ನಾ? ಮುಟ್ಟಿ ನೋಡಿದ್ರಾ? ನಂಗೂ ಅವನ್ಗೂ ಡಿಕ್ಕಿ ಆಯ್ತಲ್ಲ, ಆವಾಗ್ಲೇ ಆ ಬಟ್ಟೆ ನನ್ನ ಕೈಗೆ ಸಿಕ್ಕಿತ್ತು. ಸಡಿಲ ಇತ್ತು."

ನಾನು ನೋಡಿದ್ದು ಬ್ಯಾಂಡೇಜನ್ನು. ಅದರೊಳಗೆ ಲಿಂಗ ಇದೆಯೋ ಇಲ್ಲವೋ ಅಂತ ಬೆರಳಿಟ್ಟು ನೋಡಿರಲಿಲ್ಲ. ಆದರೂ ಒಂದು ಗಂಟೆಯಿಂದ ಎಲ್ಲರನ್ನೂ ಈ ಮೂಲೆಯಲ್ಲೇ ಕೂರಿಸಿ, ಆ ಕಡೆ ಹೋದವರನ್ನೂ ಬೈದು ವಾಪಸ್ ಕರೆದಿದ್ದೆ. ನನ್ನ ಹಟಕ್ಕೆ ಬಸವೇಶ್ ಒಂದು ಗಂಟೆ ಹೆಚ್ಚಿಗೆ ಬಾಯಾರಿದ್ದ. ಎದ್ದು ಮೈದಾನದ ಉದ್ದಕ್ಕೂ ಓಡಿದೆ. ಹಿಂದೆ ಎಲ್ಲರೂ ಓಡಿ ಬಂದರು.

ಚಿಕ್ಕ ತಾವಿಬ್ಬರೂ ಬಿದ್ದ ಜಾಗ ತೋರಿಸಿದ. ಬೆರಳುಗಳಿಂದ ಮರಳನ್ನು ಮೆಲ್ಲಗೆ ಬಾಚುತ್ತಾ ಹೋದೆ. ಕಂಬದಿಂದ ಒಂದು ಮಾರು ದೂರದಲ್ಲಿ ಬೆರಳಿಗೆ ಬಟ್ಟೆ ತಾಕಿತು. ಬೂಟಿನ ಹಿಮ್ಮಡಿ ಒತ್ತಿ ನಾಲ್ಕು ಬೆರಳು ಆಳಕ್ಕೆ ಹೋಗಿತ್ತು. ಬಟ್ಟೆ ಬಿಚ್ಚಿರಲಿಲ್ಲ. ಒಳಗೆ ದುಂಡಗೆ, ಹಾಗೇ ಇತ್ತು.

ಸಿಕ್ಕಿತು ಅಂತ ಕೂಗಿದೆ. ಎತ್ತಿಕೊಳ್ಳಬೇಕು, ಪ್ರಭುದೇವ್ ತಲೆಯ ಮೇಲೇ ನಿಂತಿದ್ದಾರೆ. ಕೈ ಹಿಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಲೋಕೇಶನ ಹೆಗಲು ಹಿಡಿದು ಕುಂಟುತ್ತಾ ಬಸವೇಶ್ ಬಂದ. ಬಗ್ಗಲು ಆಗದೆ ನಿಂತೇ ಇದ್ದ. ಒಣಗಿದ ಬಾಯಲ್ಲಿ, "ನೀನೇ ಎತ್ಕೊಡ್ಲಾ, ಏನ್ ನೋಡ್ತಾ ಇದೀಯಾ" ಅಂದ. ಎತ್ತಿ ಎರಡೂ ಕೈಯಲ್ಲಿ ಕೊಟ್ಟೆ. ಅವನು ಕಣ್ಣಿಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟ. ಲೋಕೇಶನೂ ಅತ್ತ. ಪಾವಗಡದ ಹುಡುಗರು ಶಿಳ್ಳೆ ಹೊಡೆದರು, ಅವರೇ ಗೆದ್ದ ಹಾಗೆ.

ಪ್ರಭುದೇವ್ ನನ್ನ ಮುಖ ನೋಡಲಿಲ್ಲ. ಅಂಗಡಿಗೆ ಗಾಡಿಯಲ್ಲಿ ಹೋಗಿ ವಿಭೂತಿಯೂ ತೊಳೆದ ಚೊಂಬೂ ತಂದರು. ಮೈದಾನದ ನಲ್ಲಿಯ ಹತ್ತಿರ ಬಸವೇಶ್ ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಆಮೇಲೆ ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡು ಚೊಂಬು ಎತ್ತಿದ. ಗಟಗಟ ಅಂತ ಅವನು ಕುಡಿಯುವ ಸದ್ದು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಬ್ಬಾ, ಬದುಕಿದೆ ಅನ್ನಿಸಿತು.

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅಜ್ಜಿ. ಅವನ ಬಾಯ್ತುಂಬ ನೀರು, ಫೋನನ್ನು ನನ್ನ ಕೈಗೆ ತುರುಕಿದ.

"ಸಿಕ್ತಾ?" ಅಂದರು ಅಜ್ಜಿ.

"ಸಿಕ್ತು ಅಜ್ಜಿ. ಪೂಜೆನೂ ಆಯ್ತು, ಮೈಮೇಲೇ ಐತೆ."

"ನೀರು ಕುಡುದ್ನಾ?" ಅಂದರು.

"ಈಗ ಕುಡೀತಾ ಅವನೆ."

"ನೀನು ಕುಡುದ್ಯಾ?"

ಆಗಲೇ ನನಗೆ ಗೊತ್ತಾದದ್ದು, ಪಂದ್ಯ ಮುಗಿದಾಗಿನಿಂದ ನಾನೂ ಬಾಯಿಗೆ ಒಂದು ಹನಿ ಹಾಕಿರಲಿಲ್ಲ. ಯಾರೂ ಹೇಳಿರಲಿಲ್ಲ, ನನಗೆ ಬೇಕು ಅಂತಲೂ ಅನ್ನಿಸಿರಲಿಲ್ಲ. ಅದನ್ನು ಅಜ್ಜಿ ಕೇಳಿದ್ದೇ ತಡ, ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದೆಲ್ಲ ಕಟ್ಟೆ ಒಡೆಯಿತು. "ಅಜ್ಜಿ, ತಪ್ಪು ನಂದು. ಕಟ್ಟಿದ್ದು ನಾನೇ. ನಾನು ಮುಟ್ಟಿದ್ದಕ್ಕೇ ಇಂಗಾಯ್ತು ಅಂತ ನಿಮ್ ಮನ್ಸಿಗೆ ಬಂದಿದ್ರೆ..." ಅಂದೆ.

"ಏನಂದೆ? ಮುಟ್ಟಿದ್ದಕ್ಕಾ?" ಅಜ್ಜಿಯ ದನಿ ಎಷ್ಟು ಜೋರಾಯಿತೆಂದರೆ ಪಕ್ಕದಲ್ಲಿದ್ದ ಪ್ರಭುದೇವ್‌ಗೂ ಕೇಳಿಸಿತು. "ಲೇ, ಮುಟ್ಟಿದ್ದಕ್ಕಲ್ಲ ಕಣ್ಲಾ ಬಿದ್ದಿದ್ದು, ಗಂಟು ಸಡ್ಲ ಹಾಕಿದ್ದಕ್ಕೆ ಬಿದ್ದಿದ್ದು! ಇಷ್ಟುದ್ದ ಬೆಳ್ದಿದೀಯಾ, ಒಂದು ಗಂಟು ನೆಟ್ಟಗೆ ಹಾಕಾಕೆ ಬರಾಕಿಲ್ವಾ ನಿಂಗೆ? ತುಮಕೂರಿಗೆ ಹೋಗೋಕ್ ಮುಂಚೆ ಮನೆಗೆ ಬಾ, ಹೆಂಗೆ ಕಟ್ಬೇಕು ಅಂತ ನಾನು ತೋರುಸ್ತೀನಿ. ಅಲ್ಲೂ ನೀನೇ ತಾನೆ ಕಟ್ಟೋನು?"

"ನಾನೇ ಅಜ್ಜಿ" ಅಂದೆ.

ಅವರು ಇನ್ನೂ ಬೈಯುತ್ತಲೇ ಇದ್ದರು. ನನ್ನ ಆಯುಸ್ಸಿನಲ್ಲಿ ಯಾರಾದರೂ ಬೈದರೆ ನಾನು ತಿರುಗಿ ಬೈಯದೆ ಬಿಟ್ಟವನಲ್ಲ. ಅವತ್ತು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಸವೇಶ್ ಚಾಚಿದ ಚೊಂಬು ಇಸಕೊಂಡು, ಬೈಸಿಕೊಳ್ಳುತ್ತಾ ಹೊಟ್ಟೆ ತುಂಬ ನೀರು ಕುಡಿದೆ.